ಹವ್ಯಾಸದ ಹಾಡಿಗೆ ದಿನಕ್ಕೆ ಅರ್ಧ ಗಂಟೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

"ಹವ್ಯಾಸ ಮತ್ತು ವಿದ್ಯಾಭ್ಯಾಸ" ಎಂಬ ವಿಷಯವಾಗಿ ಮಾತನಾಡಬೇಕೆಂದು ಸಂಘದ ಹಿರಿಯರು ನನಗೆ ಹೇಳಿದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಸಾಮಾನ್ಯ ಶಾಲಾ ಶಿಕ್ಷಕಿ. ಸಂಗೀತ ಕಲಿತ ವಿದುಷಿಯಲ್ಲ. ಆದರೆ ಪಠ್ಯಪುಸ್ತಕದ ಕನ್ನಡ ಪದ್ಯಗಳಿಗೆ ರಾಗ ಹಾಕುವುದು, ಉರ್ದು ನಜ್ಮ್‌ಗಳಿಗೆ ತರನ್ನುಮ್ ಕೂಡಿಸಿ ಮಕ್ಕಳಿಂದ ಹೇಳಿಸುವುದು ನನ್ನ ಹವ್ಯಾಸ. ಆದ್ದರಿಂದ ಎಲ್ಲಾ ಹವ್ಯಾಸಗಳ ಬಗ್ಗೆ ಮಾತನಾಡದೆ, ನನಗೆ ಗೊತ್ತಿರುವ ಈ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ. ಕೆಲಸ, ಓದು, ಮನೆ ಇವೆಲ್ಲದರ ನಡುವೆ ಹಾಡು ಕಟ್ಟುವವರು, ಹಾಡು ಕಲಿಯುವವರು ಅದಕ್ಕೆ ಎಷ್ಟು ಸಮಯ ಕೊಡಬೇಕು, ಹೇಗೆ ಕೊಡಬೇಕು ಎಂಬುದೇ ನನ್ನ ವಿಷಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಹಿಂದಿನಿಂದಲೂ ಒಂದೇ ಅಭಿಪ್ರಾಯವಿಲ್ಲ. ವಾದ್ಯವೇ ಬೇಡವೆನ್ನುವ ಮನೆಗಳಿವೆ, ಹಮ್ದ್ ಮತ್ತು ನಾತ್‌ಗಳನ್ನು ಬರೀ ಕಂಠದಲ್ಲಿ ಹಾಡುವ ಮನೆಗಳಿವೆ, ಖವ್ವಾಲಿ ಕೇಳುವ ಮನೆಗಳೂ ಇವೆ. ಈ ವಿಷಯದಲ್ಲಿ ತೀರ್ಪು ಹೇಳುವಷ್ಟು ವಿದ್ಯೆ ನನಗಿಲ್ಲ. ನಿಮ್ಮ ಮನೆಯಲ್ಲಿ ಯಾವುದಕ್ಕೆ ಒಪ್ಪಿಗೆಯಿದೆಯೋ ಅದರೊಳಗೇ ನನ್ನ ಮಾತುಗಳನ್ನು ಅನ್ವಯಿಸಿಕೊಳ್ಳಿ. ನಾನು ಹೇಳುವುದರಲ್ಲಿ ಅರ್ಧ ಹಾಡಿನ ಬಗ್ಗೆ ಇದ್ದರೆ ಇನ್ನರ್ಧ ಸಮಯದ ಬಗ್ಗೆ ಇದೆ. ಸಮಯದ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು.

"ಆಸೆ ಇದೆ, ಆದರೆ ಟೈಮ್ ಇಲ್ಲ." ಈ ಮಾತನ್ನು ನೀವೂ ಹೇಳಿರಬಹುದು. ನಾನಂತೂ ಬಹಳ ವರ್ಷ ಹೇಳಿದ್ದೇನೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ, ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಒಂದು ಚಿಕ್ಕ ಕೀಬೋರ್ಡ್ ಕೊಂಡುಕೊಂಡೆ. ಮೊದಲ ವಾರ ಸ ರಿ ಗ ಮ ನುಡಿಸಿದೆ. ಆಮೇಲೆ ಪರೀಕ್ಷೆ ಬಂತು. "ಬೇಸಿಗೆ ರಜೆಯಲ್ಲಿ ದಿನಪೂರ್ತಿ ಕೂತು ಕಲಿಯುತ್ತೇನೆ" ಎಂದು ಅದಕ್ಕೆ ಬಟ್ಟೆ ಸುತ್ತಿ ಬೀರುವಿನ ಮೇಲಿಟ್ಟೆ. ಬೇಸಿಗೆ ರಜೆ ಮದುವೆಗಳಲ್ಲಿ, ತರಬೇತಿಗಳಲ್ಲಿ, ನೆಂಟರಲ್ಲಿ ಮುಗಿಯಿತು. ದಸರಾ ರಜೆಯಲ್ಲಿ ಎಂದುಕೊಂಡೆ. ಹೀಗೆ ಮೂರು ವರ್ಷ ಕಳೆಯಿತು. ಒಂದು ದಿನ ಇಳಿಸಿ ನೋಡಿದರೆ ಒಳಗಿನ ಬ್ಯಾಟರಿ ಸೋರಿ ತಂತಿಗಳೆಲ್ಲಾ ಹಸಿರುಗಟ್ಟಿದ್ದವು. ಆ ಮೂರು ವರ್ಷದಲ್ಲಿ ನನಗೆ ಸಮಯ ಇರಲಿಲ್ಲವೇ? ಇತ್ತು. ಆದರೆ ನಾನು ದೊಡ್ಡ ಸಮಯಕ್ಕಾಗಿ ಕಾಯುತ್ತಾ ಕೂತಿದ್ದೆ. ಚಿಕ್ಕ ಸಮಯ ದಿನಾ ಬಂದು ಹೋಗುತ್ತಿದ್ದುದು ಕಣ್ಣಿಗೆ ಬೀಳಲಿಲ್ಲ.

ನನ್ನ ಕಣ್ಣು ತೆರೆಸಿದವರು ಸಂಗೀತ ಶಾಲೆಯವರಲ್ಲ, ನಮ್ಮ ಬಡವನಹಳ್ಳಿ ಕಡೆಯ ನಾಟಕದವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ನಿಮಗೆ ಹೇಳಬೇಕಾಗಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾಗಿ ಮುಂದೆ ವೀರಣ್ಣನವರಿಂದ ಹೆಸರಾದ ಕಂಪನಿ ನಮ್ಮ ಜಿಲ್ಲೆಯದೇ ಅಲ್ಲವೇ? ಕಡಲೆಕಾಯಿ, ರಾಗಿ ಕೆಲಸ ಮುಗಿದು ಜಾತ್ರೆಯ ದಿನಗಳು ಹತ್ತಿರ ಬಂದರೆ ಊರಿಗೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ರಾತ್ರಿ ಊಟವಾದ ಮೇಲೆ "ಕುರುಕ್ಷೇತ್ರ"ದ ತಾಲೀಮು. ಭೀಮನ ಪಾತ್ರ ಮಾಡುವವರು ಹಗಲು ಹೊಲದಲ್ಲಿರುತ್ತಾರೆ, ಕೃಷ್ಣನ ಪಾತ್ರದವರು ಅಂಗಡಿಯಲ್ಲಿರುತ್ತಾರೆ, ಶಕುನಿಯ ಪಾತ್ರದವರು ಬಸ್ಸಿನ ಕಂಡಕ್ಟರ್ ಆಗಿರಬಹುದು. ಅವರಲ್ಲಿ ಹೆಚ್ಚಿನವರು ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವರಲ್ಲ. ಆದರೂ ಎರಡು ಮೂರು ತಿಂಗಳಲ್ಲಿ ಹತ್ತಾರು ಕಂದಪದ್ಯಗಳನ್ನು, ಮಟ್ಟುಗಳನ್ನು ಶ್ರುತಿಗೆ ಸೇರಿಸಿ ಹಾಡುತ್ತಾರೆ.

ಇದು ಹೇಗೆ ಸಾಧ್ಯ ಎಂದು ನಾನು ಗಮನಿಸಿದೆ. ಮೇಷ್ಟ್ರು ಒಬ್ಬೊಬ್ಬರಿಗೂ ಒಂದು ರಾತ್ರಿಗೆ ಒಂದೇ ಪದ್ಯ ಹೇಳಿಕೊಡುತ್ತಿದ್ದರು. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಭೀಮನ ಪಾತ್ರದವರು ಹಸುವಿನ ಹಾಲು ಕರೆಯುತ್ತಾ ಅದೇ ಪದ್ಯವನ್ನು ಗುನುಗುತ್ತಿದ್ದರು. ಸಂಜೆ ಹುಲ್ಲು ಹೊರೆ ಹೊತ್ತು ಬರುವಾಗಲೂ ಅದೇ ಪದ್ಯ. ರಾತ್ರಿ ಮೇಷ್ಟ್ರ ಮುಂದೆ ಒಪ್ಪಿಸಿದ ಮೇಲಷ್ಟೇ ಮುಂದಿನ ಪದ್ಯ. ಇನ್ನೊಂದು ಮುಖ್ಯ ಸಂಗತಿಯೆಂದರೆ ಅವರ ನಾಟಕದ ದಿನಾಂಕ ಕರಪತ್ರದಲ್ಲಿ ಅಚ್ಚಾಗಿರುತ್ತದೆ. "ಟೈಮ್ ಸಿಗಲಿಲ್ಲ" ಎಂದು ಆ ದಿನ ಊರಿನ ಮುಂದೆ ಹೇಳುವ ಹಾಗಿಲ್ಲ. ದಿನಕ್ಕೆ ಒಂದು ಚಿಕ್ಕ ಪಾಠ, ನಡುವೆ ಕೆಲಸ ಮಾಡುತ್ತಲೇ ಮೆಲುಕು, ಕೊನೆಗೆ ಜನರ ಮುಂದೆ ಒಂದು ನಿಶ್ಚಿತ ದಿನ. ಈ ಮೂರು ನನ್ನ ಕೀಬೋರ್ಡಿಗೆ ಇರಲಿಲ್ಲ.

ಬಿ.ಎಡ್. ಓದುವಾಗ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅವರ ಹೆಸರನ್ನು ನಾವೆಲ್ಲರೂ ಓದಿದ್ದೇವೆ. 1885ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದು ತೋರಿಸಿದ್ದರು. ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗುತ್ತದೆ. ಒಂದೇ ಸಲ ಕೂತು ಕಲಿಯುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಕಲಿತರೆ ಹೆಚ್ಚು ಉಳಿಯುತ್ತದೆ. ಪರೀಕ್ಷೆಗೆ ಇದನ್ನು ಬರೆದು ಅಂಕ ಪಡೆದ ನಾನು ನನ್ನ ಹವ್ಯಾಸಕ್ಕೆ ಅನ್ವಯಿಸಲಿಲ್ಲ! ಭಾನುವಾರ ಮೂರು ಗಂಟೆ ಹಾಡಿದರೆ ಗಂಟಲು ಕಟ್ಟುತ್ತದೆ. ಮುಂದಿನ ಭಾನುವಾರ ಕೂತಾಗ ಮೊದಲ ಒಂದು ಗಂಟೆ ಹಿಂದಿನದನ್ನು ನೆನಪಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಅದೇ ದಿನಕ್ಕೆ ಅರ್ಧ ಗಂಟೆಯಾದರೆ ನಿನ್ನೆಯದು ಇನ್ನೂ ಬಿಸಿಯಾಗಿಯೇ ಇರುತ್ತದೆ.

ಚಿಕ್ಕ ಸಮಯದ ಶಕ್ತಿಗೆ ನಮ್ಮ ಶಾಲೆಗಳಲ್ಲೇ ಸಾಕ್ಷಿಯಿದೆ. ಉರ್ದು ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯನ್ನು ಮಕ್ಕಳು ಒಟ್ಟಿಗೆ ಹಾಡುತ್ತಾರೆ. ಅದಕ್ಕೆ ಹಿಡಿಯುವುದು ಎರಡೇ ನಿಮಿಷವೆಂದು ಇಟ್ಟುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷಕ್ಕೆ ಒಂದರಿಂದ ಐದನೇ ತರಗತಿಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಒಂದನೇ ತರಗತಿಯಿಂದ ಏಳನೇ ತರಗತಿಯವರೆಗೆ 1,440 ದಿನ. ಎರಡೆರಡು ನಿಮಿಷದಂತೆ 2,880 ನಿಮಿಷ, ಅಂದರೆ 48 ಗಂಟೆ. ಪೂರಾ ಎರಡು ಹಗಲು, ಎರಡು ರಾತ್ರಿ! ಒಂದನೇ ತರಗತಿಯಲ್ಲಿ ಒಬ್ಬರದ್ದು ಒಂದು ಶ್ರುತಿಯಾಗಿದ್ದ ಮಕ್ಕಳು ಏಳನೇ ತರಗತಿಯ ಹೊತ್ತಿಗೆ ಒಂದೇ ಕಂಠದಂತೆ ಹಾಡುತ್ತಾರೆ. ಇದನ್ನು ಅವರಿಗೆ ಸಂಗೀತದ ಪಾಠವೆಂದು ಯಾರೂ ಕಲಿಸಿಲ್ಲ. ದಿನಾ ಮಾಡಿದ್ದರಿಂದ ತಾನಾಗಿ ಬಂತು.

ಇನ್ನು ಕೆಲಸ ಮಾಡುತ್ತಲೇ ಹಾಡು ಕಟ್ಟಿದ ದೊಡ್ಡವರನ್ನು ನೆನೆಯೋಣ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ರಾಜ್ಯವಾಳಿದವರು. ರಾಜ್ಯಭಾರದ ನಡುವೆಯೇ ದಖನಿ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ, ರಾಗಗಳಲ್ಲಿ ಜೋಡಿಸಿ "ಕಿತಾಬ್-ಎ-ನೌರಸ್" ಎಂಬ ಕೃತಿ ರಚಿಸಿದರು. ತಮ್ಮ ತಂಬೂರಿಗೆ "ಮೋತಿ ಖಾನ್" ಎಂದು ಹೆಸರಿಟ್ಟು ಪ್ರೀತಿಸುತ್ತಿದ್ದರು. ಅರಸರಿಗೆ ಆಳುಕಾಳು ಇದ್ದರು, ನಮಗೇನಿದೆ ಎಂದು ನೀವು ಕೇಳಬಹುದು. ಸರಿ, ಸಂಬಳಕ್ಕೆ ದುಡಿದವರನ್ನೇ ನೋಡೋಣ.

ಸಿ. ಅಶ್ವತ್ಥ್ ಅವರ ಕಂಠವನ್ನು ಕೇಳದ ಕನ್ನಡಿಗರಿಲ್ಲ. 1939ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಸುಮಾರು 27 ವರ್ಷ ನೌಕರಿ ಮಾಡಿ, 1992ರಲ್ಲಿ ನಿವೃತ್ತರಾದರು. 1977ರ "ಕಾಕನಕೋಟೆ" ಚಿತ್ರದ ಸಂಗೀತವೂ, 1990ರ "ಸಂತ ಶಿಶುನಾಳ ಷರೀಫ" ಚಿತ್ರದ ಸಂಗೀತವೂ ನೌಕರಿಯಲ್ಲಿದ್ದಾಗಲೇ ಆದವು. ಆ ಷರೀಫರೂ ಕೆಲಕಾಲ ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದವರು ಎಂಬುದನ್ನು ಶಿಕ್ಷಕರಾದ ನಾವು ಹೆಮ್ಮೆಯಿಂದ ನೆನೆಯಬೇಕು. "ಕಾಡು ಕುದುರೆ" ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ನಮ್ಮ ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಅಧ್ಯಾಪಕರು. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ "ನಿತ್ಯೋತ್ಸವ" ಧ್ವನಿಸುರುಳಿ 1978ರಲ್ಲಿ ಬಂದು ಮನೆಮನೆಗೆ ಮುಟ್ಟಿತು. ಇವರೆಲ್ಲಾ ಅಪಾರ ಪ್ರತಿಭೆಯುಳ್ಳವರು, ನಾವು ಅವರ ಸಮಕ್ಕೆ ಬರಲಾರೆವು. ಆದರೆ ಅವರಿಗೂ ದಿನಕ್ಕೆ ಇದ್ದದ್ದು 24 ಗಂಟೆಯೇ. ನೌಕರಿ ಬಿಟ್ಟ ಮೇಲೆ ಹಾಡುತ್ತೇನೆ ಎಂದು ಅವರು ಕಾಯಲಿಲ್ಲ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಎಷ್ಟು ಹೆಚ್ಚು ಹಾಡಿದರೆ ಅಷ್ಟು ಒಳ್ಳೆಯದು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಆ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಹೇಳದೆ ಹೋದರೆ ನನ್ನ ಮಾತು ಪ್ರಾಮಾಣಿಕವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಒಳ್ಳೆಯ ಕಂಠ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಮಟ್ಟದಲ್ಲಿ ಗೆದ್ದಳು. ತಾಲ್ಲೂಕಿನಲ್ಲೂ ಗೆಲ್ಲಲೇಬೇಕೆಂಬ ಹಟ ಅವಳಿಗಿಂತ ನನಗೇ ಹೆಚ್ಚಾಗಿತ್ತು. ಶಾಲೆ ಬಿಟ್ಟ ಮೇಲೆ ದಿನಕ್ಕೆ ಎರಡು ಗಂಟೆ ಕೂರಿಸಿಕೊಂಡೆ. ಹೀಗೆ ಮೂರು ವಾರ ನಡೆಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳ ಗಣಿತ ಕೈಕೊಟ್ಟಿತು. ಅಷ್ಟು ಹೊತ್ತಿಗೆ ಅವಳ ಕಂಠವೂ ಒಡೆದಿತ್ತು.

ಒಂದು ದಿನ ಅವಳ ತಾಯಿ ಶಾಲೆಗೆ ಬಂದರು. ಅವರು ಮನೆಯಲ್ಲಿ ಬೀಡಿ ಕಟ್ಟುವವರು. ನಮ್ಮ ದಖನಿಯಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಆಪಾ, ಹಾಡು ಬೇಡ ಅಂತ ನಾನು ಹೇಳೋಲ್ಲ. ಅವಳು ಹಾಡಿದರೆ ನನ್ನ ಕೈಯೂ ಬೇಗ ಓಡುತ್ತೆ. ಆದರೆ ನಮ್ಮ ಕೆಲಸಕ್ಕೆ ಒಂದು ಲೆಕ್ಕ ಇದೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಕಟ್ಟು ಮುಗಿದ ಮೇಲೆ ತಲೆ ಎತ್ತುತ್ತೀನಿ, ಒಲೆ ನೋಡ್ತೀನಿ, ಮತ್ತೆ ಕೂರ್ತೀನಿ. ಸಾವಿರ ಆದ ಮೇಲೆ ಮೊರ ಎತ್ತಿಟ್ಟುಬಿಡ್ತೀನಿ. ನೀವು ಹೇಳಿಕೊಡೋ ಹಾಡಿಗೆ ಶುರು ಯಾವಾಗ, ಮುಗಿಯೋದು ಯಾವಾಗ ಅನ್ನೋ ಲೆಕ್ಕವೇ ಇಲ್ಲವಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಶಾಲೆಗೆ ಹೋಗದ ಆ ತಾಯಿ ನನಗೆ ಒಂದು ದೊಡ್ಡ ಪಾಠ ಹೇಳಿದ್ದರು. ಕೆಲಸವನ್ನು ಚಿಕ್ಕ ಚಿಕ್ಕ ಕಟ್ಟಾಗಿ ಮಾಡಬೇಕು, ಒಂದು ಕಟ್ಟು ಮುಗಿದದ್ದು ಕಣ್ಣಿಗೆ ಕಾಣಬೇಕು, ದಿನದ ಲೆಕ್ಕ ಮುಗಿದ ಮೇಲೆ ಎದ್ದುಬಿಡಬೇಕು. ಆ ದಿನದಿಂದ ಹುಡುಗಿಯ ಅಭ್ಯಾಸವನ್ನು 20 ನಿಮಿಷಕ್ಕೆ ಇಳಿಸಿದೆ. ಮೊದಲು ಗಣಿತದ ಐದು ಲೆಕ್ಕ, ಆಮೇಲೆ ಹಾಡಿನ ಒಂದು ಚರಣ. ತಾಲ್ಲೂಕು ಮಟ್ಟದಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಸುಧಾರಿಸಿತು. ಈಗ ಅವಳು ಪಿ.ಯು.ಸಿ. ಓದುತ್ತಿದ್ದಾಳೆ, ಇಂದಿಗೂ ಹಾಡುತ್ತಾಳೆ. ಬಹುಮಾನ ಬಂದ ಮರುದಿನವೇ ಹಾಡು ನಿಲ್ಲಿಸಿದ ಮಕ್ಕಳನ್ನೂ ನಾನು ನೋಡಿದ್ದೇನೆ. ಯಾವುದು ಗೆಲುವು ಎಂಬುದನ್ನು ನೀವೇ ಯೋಚಿಸಿ.

ಆ ತಾಯಿ ಹೇಳಿದ "ಹಾಡಿದರೆ ಕೈ ಓಡುತ್ತೆ" ಎಂಬ ಮಾತು ಹೊಸದೇನಲ್ಲ. 17ನೇ ಶತಮಾನದಲ್ಲಿ ಬಿಜಾಪುರದ ಸೂಫಿಗಳು "ಚಕ್ಕಿನಾಮಾ", "ಚರ್ಖಾನಾಮಾ" ಎಂಬ ಹಾಡುಗಳನ್ನು ದಖನಿಯಲ್ಲಿ ಕಟ್ಟಿದ್ದರು. ಹೆಣ್ಣುಮಕ್ಕಳು ಬೀಸುವ ಕಲ್ಲು ತಿರುಗಿಸುತ್ತಾ, ರಾಟೆ ತಿರುಗಿಸುತ್ತಾ ಹಾಡಲೆಂದೇ ಕಟ್ಟಿದ ಹಾಡುಗಳವು. ಇತಿಹಾಸಕಾರ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳಿಗೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಅದೇ ಸೀಮೆಯ ಹಲಸಂಗಿ ಗೆಳೆಯರು ಕನ್ನಡದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ "ಗರತಿಯ ಹಾಡು" ಎಂದು ಪ್ರಕಟಿಸಿದರು. ಒಂದೇ ನೆಲ, ಒಂದೇ ಬೀಸುವ ಕಲ್ಲು, ಎರಡು ಭಾಷೆ. ನಮ್ಮ ಅಜ್ಜಿಯರಿಗೆ, ಮುತ್ತಜ್ಜಿಯರಿಗೆ ನಮಗಿಂತ ಹೆಚ್ಚು ಬಿಡುವು ಇತ್ತೇ? ಖಂಡಿತ ಇರಲಿಲ್ಲ. ಬಿಡುವಿಲ್ಲದವರೇ ಇಷ್ಟು ಹಾಡುಗಳನ್ನು ನಮಗೆ ಬಿಟ್ಟುಹೋಗಿದ್ದಾರೆ.

ಪ್ರಿಯ ವಿದ್ಯಾರ್ಥಿಗಳೇ, ಈಗ ನಾನು ಅನುಸರಿಸುತ್ತಿರುವ ಕ್ರಮವನ್ನು ಹೇಳುತ್ತೇನೆ. ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ.

ಒಂದನೆಯದು, ಗಳಿಗೆ ನಿಶ್ಚಯ ಮಾಡಿಕೊಳ್ಳಿ. ನನ್ನ ಅರ್ಧ ಗಂಟೆ ಫಜರ್ ನಮಾಜಿನ ನಂತರ, ಹಾಲು ಒಲೆಗೇರುವ ಮೊದಲು. ಮಕ್ಕಳು ಮಲಗಿರುವುದರಿಂದ ಸಣ್ಣ ದನಿಯಲ್ಲೇ ಗುನುಗುತ್ತೇನೆ. "ಸಮಯ ಸಿಕ್ಕಾಗ" ಎಂಬ ಗಳಿಗೆ ಯಾವ ಗಡಿಯಾರದಲ್ಲೂ ಇಲ್ಲ.

ಎರಡನೆಯದು, ಬೇಕಾದ ವಸ್ತು ಕೈಗೆಟಕುವಂತಿರಲಿ. ಪುಸ್ತಕ, ಪೆನ್ಸಿಲ್, ವಾದ್ಯ ಇದ್ದರೆ ವಾದ್ಯ, ಎಲ್ಲವೂ ಹೊರಗೇ ಇರಲಿ. ಬೀರುವಿನ ಮೇಲಿಟ್ಟ ವಾದ್ಯದ ಗತಿ ಏನಾಗುತ್ತದೆಂದು ಆಗಲೇ ಹೇಳಿದ್ದೇನೆ.

ಮೂರನೆಯದು, ದಿನಕ್ಕೆ ಒಂದು ಕಟ್ಟು. "ಇಂದು ಈ ಪದ್ಯಕ್ಕೆ ರಾಗ ಹಾಕುತ್ತೇನೆ" ಎಂದು ಕೂರಬೇಡಿ. "ಇಂದು ಮೊದಲ ಎರಡು ಸಾಲು" ಎಂದು ಕೂರಿ. ನನಗೆ ಒಂದು ಪದ್ಯಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಕಳೆದ ವರ್ಷ ಹನ್ನೊಂದು ಪದ್ಯಗಳಿಗೆ ರಾಗ ಹಾಕಿದೆ. ಅದರಲ್ಲಿ ಮಕ್ಕಳು ಒಪ್ಪಿ ಹಾಡಿದ್ದು ನಾಲ್ಕು ಮಾತ್ರ. ಉಳಿದ ಏಳು ವ್ಯರ್ಥವಲ್ಲ, ಆ ಏಳು ಇಲ್ಲದೆ ಈ ನಾಲ್ಕು ಬರುತ್ತಿರಲಿಲ್ಲ.

ನಾಲ್ಕನೆಯದು, ಹೊಳೆದದ್ದನ್ನು ತಕ್ಷಣ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮರುದಿನ ಕೇಳಿ. ರಾತ್ರಿ ಅಮೃತದಂತೆ ಕಂಡ ಧಾಟಿ ಬೆಳಿಗ್ಗೆ ಯಾವುದೋ ಸಿನಿಮಾ ಹಾಡಿನ ನಕಲಾಗಿ ಕೇಳಿಸಬಹುದು. ಆದರೆ ಎಚ್ಚರ. ಧ್ವನಿಮುದ್ರಣಕ್ಕೆ ತೆಗೆದ ಮೊಬೈಲ್ ಅಲ್ಲಿಗೇ ಕೆಳಗಿಳಿಯಬೇಕು. ಬೇರೆಯವರ ಹಾಡು ನೋಡುತ್ತಾ ಕಳೆದ ಎರಡು ಗಂಟೆ ನಿಮ್ಮ ಅಭ್ಯಾಸದ ಲೆಕ್ಕಕ್ಕೆ ಸೇರುವುದಿಲ್ಲ.

ಐದನೆಯದು, ಒಂದು ದಿನಾಂಕ ಇಟ್ಟುಕೊಳ್ಳಿ. ಆಗಸ್ಟ್ 15 ಇರಬಹುದು, ನವೆಂಬರ್ 1 ಇರಬಹುದು, ಮನೆಯಲ್ಲಿ ನೆಂಟರು ಸೇರುವ ಹಬ್ಬವಿರಬಹುದು. ನಾಲ್ಕು ಜನರ ಮುಂದೆ ಹಾಡುವ ದಿನ ಗೊತ್ತಿದ್ದರೆ ಹಾಡು ಮುಗಿಯುತ್ತದೆ. ಇಲ್ಲದಿದ್ದರೆ ತಿದ್ದುತ್ತಲೇ ಇರುತ್ತೇವೆ.

ಆರನೆಯದು, ಓದು ಮೊದಲು. ಪರೀಕ್ಷೆಯ ತಿಂಗಳಲ್ಲಿ ಅರ್ಧ ಗಂಟೆಯನ್ನು ಹತ್ತು ನಿಮಿಷ ಮಾಡಿ. ಆದರೆ ಪೂರ್ತಿ ನಿಲ್ಲಿಸಬೇಡಿ. ನಿಂತ ಬಾವಿಯ ಪಂಪಿಗೆ ಮತ್ತೆ ನೀರು ಏರಿಸುವುದು ಎಷ್ಟು ಕಷ್ಟವೆಂದು ನಮ್ಮ ಸೀಮೆಯ ರೈತರ ಮಕ್ಕಳಿಗೆ ಗೊತ್ತು.

ಪೋಷಕರಲ್ಲಿ ನನ್ನದೊಂದು ವಿನಂತಿ. ಮಗು ಹಾಡಿದರೆ "ಇದರಿಂದ ಹೊಟ್ಟೆ ತುಂಬುತ್ತದೆಯೇ" ಎಂದು ಕೇಳಬೇಡಿ. ತುಂಬದಿರಬಹುದು. "ಲೆಕ್ಕ ಮುಗಿಯಿತೇ, ಇವತ್ತಿನ ಸಾಲು ಯಾವುದು, ಹಾಡು ಕೇಳೋಣ" ಎಂದು ಕೇಳಿ. ಹಾಡಿಗಾಗಿ ಶಿಸ್ತಿನಿಂದ ಅರ್ಧ ಗಂಟೆ ಕೂರುವುದನ್ನು ಕಲಿತ ಮಗು ಓದಿಗೂ ಕೂರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಗಂಡುಹುಡುಗನ ಅರ್ಧ ಗಂಟೆಯನ್ನು ಯಾರೂ ಕೇಳುವುದಿಲ್ಲ, ಹೆಣ್ಣುಹುಡುಗಿಯ ಅರ್ಧ ಗಂಟೆ ಪಾತ್ರೆ ತೊಳೆಯುವುದರಲ್ಲಿ ಹೋಗಿಬಿಡುತ್ತದೆ. ಮನೆಯಲ್ಲಿ ಎಲ್ಲರೂ ಕೂಡಿ ಅವಳ ಅರ್ಧ ಗಂಟೆಯನ್ನು ಅವಳಿಗೇ ಉಳಿಸಿಕೊಡಿ. ಸಹೋದ್ಯೋಗಿಗಳಲ್ಲಿಯೂ ವಿನಂತಿ. ನಮ್ಮ ಶಾಲೆಯ ಬಹುಮಾನದ ಆಸೆಗೆ ಮಗುವಿನ ಸಂಜೆಯನ್ನು ತೆಗೆದುಕೊಳ್ಳದಿರೋಣ. ನಾನು ಒಮ್ಮೆ ತೆಗೆದುಕೊಂಡಿದ್ದೆ.

ನಮ್ಮಲ್ಲಿ ಎಲ್ಲರೂ ದೊಡ್ಡ ಗಾಯಕರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇಂದು ರಾತ್ರಿ ಮನೆಗೆ ಹೋಗಿ, ನಾಳೆಯ ದಿನದಲ್ಲಿ ನಿಮ್ಮ ಅರ್ಧ ಗಂಟೆ ಯಾವುದೆಂದು ಗುರುತು ಮಾಡಿಕೊಳ್ಳಿ. ಬರೀ ಎರಡು ಸಾಲು ಹಾಡಿ, ಎದ್ದುಬಿಡಿ. ನಾಡಿದ್ದು ಮತ್ತೆ ಕೂರಿ. ಮುಂದಿನ ವರ್ಷದ ಸಮಾರಂಭಕ್ಕೆ ಈ ವೇದಿಕೆಯ ಮೇಲೆ ನಿಮ್ಮಲ್ಲಿ ಕೆಲವರು ನಿಂತು ನೀವೇ ಕಟ್ಟಿದ ಹಾಡು ಹಾಡಿದರೆ, ನನ್ನ ಈ ಭಾಷಣಕ್ಕಿಂತ ಅದು ಎಷ್ಟೋ ಮೇಲು.